ಸೇವೆಗೆ ಧಕ್ಕೆಯಾಗಿಲ್ಲ

ಎರಡು ಸಲ ಚುಚ್ಚಿದರೂ ಸಿರಿಂಜಿಗೆ ರಕ್ತ ಬರಲಿಲ್ಲ. ಮಂಚದ ಮೇಲಿದ್ದ ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. ಎದುರಿಗಿರುವವರು ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೇಡಂ ಎಂದು ಅವಳಿಗೇನು ಗೊತ್ತು? "ದಿನಾ ಬರ್ತಿದ್ದ ಹುಡುಗಿ ಎಲ್ಲಮ್ಮಾ? ಅವಳು ಚುಚ್ಚಿದ್ರೆ ಗೊತ್ತೇ ಆಗ್ತಿರಲಿಲ್ಲ" ಎಂದಳು.

ಆ ಹುಡುಗಿ ಮೂರು ದಿನದಿಂದ ಗೇಟಿನ ಹೊರಗೆ ಕೂತಿದ್ದಳು. ಅವಳೊಬ್ಬಳೇ ಅಲ್ಲ, ಆಸ್ಪತ್ರೆಯ ಅಷ್ಟೂ ಇಂಟರ್ನ್ ಡಾಕ್ಟರುಗಳು. ಕೊಡುವ ಸ್ಟೈಪೆಂಡು ಹಾಸ್ಟೆಲಿನ ಊಟಕ್ಕೂ ಸಾಲುತ್ತಿಲ್ಲ, ಏರಿಸಿ ಎಂದು ಮುಷ್ಕರ. ಉಳಿದ ಡಾಕ್ಟರುಗಳು ಬೆರಳೆಣಿಕೆಯಷ್ಟು. ಹಾಗಾಗಿ ಮೇಡಂ ತಾವೇ ಬಿಳಿ ಕೋಟು ತೊಟ್ಟು ಹೆಂಗಸರ ವಾರ್ಡಿಗೆ ಬಂದಿದ್ದರು. ಒಳಗೊಳಗೇ ಒಂದು ಖುಷಿಯೂ ಇತ್ತು. ಮೂವತ್ತೈದು ವರ್ಷದ ಹಿಂದೆ ಅವರು ಕೆಲಸ ಕಲಿತದ್ದು ಇದೇ ವಾರ್ಡಿನಲ್ಲಿ. ಅದೇ ಎತ್ತರದ ಕಿಟಕಿಗಳು, ಅದೇ ಫಿನೈಲಿನ ವಾಸನೆ.

ಹೆಡ್ ಸಿಸ್ಟರ್ ಬಂದು ಒಂದೇ ಸಲಕ್ಕೆ ರಕ್ತ ತೆಗೆದರು. ಕೈಗೆ ಅಭ್ಯಾಸ ತಪ್ಪಿಹೋಗಿದೆ ಎಂದು ಮೇಡಂ ನಕ್ಕು, ತಮ್ಮ ಕಾಲದ ಮಾತು ತೆಗೆದರು. ಆಗ ಅವರ ಹಾಸ್ಟೆಲ್ ರೂಮಿನಲ್ಲಿ ಇನ್ನೊಬ್ಬ ಇಂಟರ್ನ್ ಹುಡುಗಿಯಿದ್ದಳು. ಪುಟ್ಟ ಮೈ, ಒಂದು ಕಡೆ ನಿಲ್ಲದ ಕಾಲು. ಎಲ್ಲರೂ ಗುಬ್ಬಚ್ಚಿ ಅನ್ನುತ್ತಿದ್ದರು. ಇಬ್ಬರೂ ಒಬ್ಬರ ಕೈಗೊಬ್ಬರು ಚುಚ್ಚಿ ನರ ಹುಡುಕುವುದು ಕಲಿತರು. ತೋಳೆಲ್ಲ ನೀಲಿಗಟ್ಟಿದಾಗ, ನಾಳೆಯಿಂದ ಕಾಲು ಎಂದು ಬಿದ್ದು ಬಿದ್ದು ನಕ್ಕರು. ಒಂದು ಕಾಫಿ ಕೊಂಡು ಎರಡು ಲೋಟಕ್ಕೆ ಬಗ್ಗಿಸಿಕೊಂಡು, ಕ್ಯಾಂಟೀನಿನ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಹರಟಿದರು. ಪ್ರತಿ ವರ್ಷ ಹೊಸ ಇಂಟರ್ನ್‌ಗಳ ಸ್ವಾಗತದ ದಿನ ಮೇಡಂ ಇದನ್ನೇ ಹೇಳುತ್ತಿದ್ದರು. ನಮ್ಮ ಕೈಯಲ್ಲಿ ಕಾಸಿರಲಿಲ್ಲ, ಆದರೂ ಎಷ್ಟು ಸುಖವಾಗಿದ್ದೆವು ಎಂದು ಮುಗಿಸಿದರೆ ಚಪ್ಪಾಳೆಯೋ ಚಪ್ಪಾಳೆ.

ಸಿಸ್ಟರ್ ಬಾಟಲಿಗೆ ಚೀಟಿ ಅಂಟಿಸುತ್ತಾ ಕೇಳಿದರು: "ಅವರು ಈಗ ಎಲ್ಲಿ ಡಾಕ್ಟರು, ಮೇಡಂ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಮೇಡಂ ಎದ್ದು ಕೈ ತೊಳೆದುಕೊಂಡು ಹೊರಟರು. ಕಚೇರಿಗೆ ಹೋಗುವ ಉದ್ದನೆಯ ದಾರಿಯಲ್ಲಿ ಉತ್ತರವೂ ಜೊತೆಗೇ ಬಂತು. ಇಂಟರ್ನ್ ಆಗಿದ್ದ ಎಂಟನೆಯ ತಿಂಗಳಲ್ಲಿ ಗುಬ್ಬಚ್ಚಿಯ ಅಪ್ಪ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ಇಬ್ಬರು ತಂಗಿಯರು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತರೆ ಸ್ಟೈಪೆಂಡಿನ ಎರಡರಷ್ಟು ಸಿಗುತ್ತಿತ್ತು. "ಅಪ್ಪ ಎದ್ದು ಓಡಾಡ್ಲಿ ಕಣೇ, ಬಂದು ಮುಗಿಸ್ತೀನಿ" ಎಂದು ಟ್ರಂಕು ಎತ್ತಿಕೊಂಡು ಹೋದವಳು ಬರಲೇ ಇಲ್ಲ. ಇಂಟರ್ನ್‌ಶಿಪ್ಪಿನ ಆ ಒಂದು ವರ್ಷ ಮುಗಿಯದೆ ಹೆಸರಿನ ಹಿಂದೆ ಡಾಕ್ಟರ್ ಅಂಟುವುದಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಔಷಧಿ ಅಂಗಡಿಯಿಂದ ಫೋನು ಬಂದಿತ್ತು. "ಮೇಡಂ, ಮಗುವಿಗೆ ಬರೆದಿರೋ ಡೋಸು ಒಂಚೂರು ಜಾಸ್ತಿ ಆಯ್ತೇನೋ. ಒಮ್ಮೆ ನೋಡ್ತೀರಾ?" ದನಿ ಗುರುತು ಸಿಕ್ಕಿತ್ತು. ಡೋಸು ತಪ್ಪಿದ್ದದ್ದೂ ನಿಜವಾಗಿತ್ತು. ತಿದ್ದಿಕೊಂಡು, ಥ್ಯಾಂಕ್ಸ್ ಎಂದು ಫೋನಿಟ್ಟಿದ್ದರು. ಇಬ್ಬರೂ ಹೆಸರು ಹಿಡಿದು ಕರೆಯಲಿಲ್ಲ.

ಕಚೇರಿಯಲ್ಲಿ ಗುಮಾಸ್ತ ಕಾಯುತ್ತಿದ್ದ. ಮುಷ್ಕರದಿಂದ ರೋಗಿಗಳ ಸೇವೆಗೆ ಧಕ್ಕೆಯಾಗಿದೆಯೇ ಎಂದು ಇಲಾಖೆ ಕೇಳಿತ್ತು. ಧಕ್ಕೆಯಾಗಿಲ್ಲ, ಇಂಟರ್ನ್‌ಗಳದ್ದು ಬರೀ ಕಲಿಕೆ ಎಂದು ಅವನು ಆಗಲೇ ಟೈಪ್ ಮಾಡಿ ಇಟ್ಟಿದ್ದ. ಹಿಂದಿನ ಎಲ್ಲ ಮುಷ್ಕರಗಳಲ್ಲೂ ಹೀಗೇ ಕಳಿಸಿದ್ದು. ಒಂದು ಸಹಿ ಬಿದ್ದರೆ ಆಯಿತು. ಮೇಡಂ ಪೆನ್ನು ತೆಗೆದು ಅಷ್ಟಕ್ಕೂ ಅಡ್ಡಗೆರೆ ಎಳೆದರು. ಕೆಳಗೆ ತಮ್ಮ ಕೈಯಲ್ಲೇ ಬರೆದರು: 'ಧಕ್ಕೆಯಾಗಿದೆ. ಇಲ್ಲಿ ಇರಬೇಕಾದ ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಮಂದಿ ಇಲ್ಲ, ಹುದ್ದೆಗಳು ಖಾಲಿ. ಅವರ ಕೆಲಸ ಮಾಡುತ್ತಿದ್ದವರು ಈಗ ಗೇಟಿನ ಹೊರಗಿದ್ದಾರೆ. ಅವರು ಮಾಡುವುದು ಕೆಲಸ. ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕು.'

ಗುಮಾಸ್ತನ ಮುಖ ಸಣ್ಣದಾಯಿತು. "ರಿಟೈರ್‌ಮೆಂಟಿಗೆ ನಾಲ್ಕೇ ತಿಂಗಳು ಉಳಿದಿದೆ ಮೇಡಂ. ವಿವರಣೆ ಕೇಳ್ತಾರೆ."

"ಕೇಳ್ಲಿ. ಇಷ್ಟು ದಿನ ಯಾರೂ ಕೇಳೇ ಇರಲಿಲ್ಲ" ಎಂದು ಮೇಡಂ ಸಹಿ ಹಾಕಿದರು.

ವಿವರಣೆ ಕೇಳಿದರು, ಕಾಗದದ ಭಾಷೆ ಖಾರವಾಗಿಯೇ ಇತ್ತು. ಆದರೆ ಮೇಡಂ ಬರೆದದ್ದರ ನಕಲು ಹೇಗೋ ಹೊರಗೆ ಹೋಗಿ, ಬೇರೆ ಆಸ್ಪತ್ರೆಗಳವರೂ ನಮ್ಮಲ್ಲೂ ಹೀಗೇ ಎಂದು ಬಾಯಿಬಿಟ್ಟರು. ಮುಷ್ಕರದ ಹನ್ನೆರಡನೆಯ ದಿನ ಸ್ಟೈಪೆಂಡು ಏರಿತು. ಕೇಳಿದಷ್ಟಲ್ಲ, ಆದರೂ ಮನೆಗೆ ಒಂದಿಷ್ಟು ಕಳಿಸಬಹುದು ಅನ್ನುವಷ್ಟು.

ಮರುದಿನ ಬೆಳಿಗ್ಗೆ ಮೇಡಂ ರೌಂಡ್ಸಿಗೆ ಹೊರಟಾಗ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎದುರಿನಿಂದ ಒಬ್ಬ ಇಂಟರ್ನ್ ಹುಡುಗಿ ಸ್ಟ್ರೆಚರ್ ತಳ್ಳಿಕೊಂಡು ಓಡಿ ಬರುತ್ತಿದ್ದಳು. ನಮಸ್ಕಾರವಿಲ್ಲ, ಥ್ಯಾಂಕ್ಸ್ ಇಲ್ಲ. ಯಾರೆಂದು ತಲೆಯೆತ್ತಿ ನೋಡಲೂ ಇಲ್ಲ. "ಜರುಗಿ, ಜರುಗಿ" ಎಂದಳು. ಮೇಡಂ ಫೈಲು ಎದೆಗವುಚಿಕೊಂಡು ಗೋಡೆಗೆ ಅಂಟಿ ನಿಂತರು, ಆಗಷ್ಟೇ ಕೆಲಸಕ್ಕೆ ಬಂದ ಹುಡುಗಿ ದೊಡ್ಡ ಡಾಕ್ಟರಿಗೆ ದಾರಿ ಬಿಡುವ ಹಾಗೆ.