ಕೊನೆಯ ಪಂಕ್ತಿ

ಸಣ್ಣೀರಮ್ಮನ ಸರದಿ ಬಂದಾಗ ಮಧ್ಯಾಹ್ನ ಮೂರಾಗಿತ್ತು. ದೇಶದ ದುಡಿಮೆ ನಿಂತುಹೋದಂದಿನಿಂದ ವಾರ್ಡಿಗೊಬ್ಬರು ಬಂದು ಪಾಲಿಕೆಯ ಗೋಡೆಗೆ ಉಪಾಯ ಹೇಳಬೇಕು. ಆ ಉಪಾಯ ನಡೆದರೆ ಹತ್ತು ವರ್ಷಕ್ಕೆ ಊರು ಹೇಗಿರುತ್ತದೋ ಗೋಡೆ ಅದನ್ನೇ ತೋರಿಸುತ್ತದೆ. ಧೂಳು ಕಂಡರೆ ವಾರ್ಡಿನ ರೇಷನ್ ಅಂಗಡಿಗೆ ಬೀಗ. ಬೆಳಗಿನಿಂದ ಪ್ರೊಫೆಸರು, ಗಿರಣಿ ಮಾಲೀಕ, ಮಾಜಿ ಮಂತ್ರಿ ಎಲ್ಲರೂ ಹೇಳಿದ್ದರು. ಗೋಡೆಯ ತುಂಬ ಧೂಳೇ ಎದ್ದಿತ್ತು.

"ಬೀದಿ ಗುಡಿಸೋರಿಗೂ ಅರ್ಥಶಾಸ್ತ್ರ ಬಂತೇನಮ್ಮ?" ಗುಮಾಸ್ತ ಪರಮೇಶಿ ನಕ್ಕ.

"ನಾವು ಗುಡಿಸದಿದ್ರೆ ನಿಮ್ಮ ಅರ್ಥಶಾಸ್ತ್ರ ನಾರ್ತದೆ, ಸ್ವಾಮಿ," ಎಂದವಳೇ ಸಣ್ಣೀರಮ್ಮ ಗೋಡೆಗೆ ಮುಖಮಾಡಿದಳು. "ನಮ್ಮ ಕೇರಿ ಮದುವೇಲಿ ಸೌದೆ ಹೊತ್ತೋರು, ಪಾತ್ರೆ ತಿಕ್ಕೋರು ಮೊದಲ ಪಂಕ್ತಿಗೆ ಕೂರ್ತಾರೆ. ಯಜಮಾನರದ್ದು ಕೊನೇ ಪಂಕ್ತಿ. ದೇಶದ ಸಂಬಳಾನೂ ಹಂಗೇ ಬಡಿಸ್ರಿ."

ಗೋಡೆಯ ಮೇಲಿನ ಧೂಳು ಹಾಗೇ ಇತ್ತು. ಹೊರಗೆ ರೇಷನ್ ಚೀಲ ಹಿಡಿದು ನಿಂತ ಇಡೀ ಕೇರಿ ನೆನಪಾಗಿ ಅವಳು ಬಾಗಿಲ ಕಡೆ ತಿರುಗಿ ನೋಡಿದಳು.

ಆಮೇಲೆ ಧೂಳು ಮೆಲ್ಲಗೆ ಸರಿಯಿತು. ಬೀದಿಯ ಷಟರುಗಳು ಒಂದೊಂದಾಗಿ ಮೇಲೆದ್ದವು. ಗಿರಣಿಯ ಚಿಮಣಿ ಹೊಗೆಯಾಡಿತು. ಎಣ್ಣೆಗೆ ಬಿದ್ದ ಬಜ್ಜಿಯ ಚುಂಯ್ ಸದ್ದು ಗೋಡೆಯಿಂದಲೇ ಕೇಳಿತು. ಹೋಟೆಲಿನ ಒಳಗೆ, ಫ್ಯಾನಿನ ಕೆಳಗೆ, ಪೊರಕೆಯನ್ನು ಪಕ್ಕಕ್ಕೊರಗಿಸಿಕೊಂಡು ಕೂತು ಟೀ ಕುಡಿಯುತ್ತಿದ್ದವಳು ತಾನೇ ಎಂದು ಗುರುತಾಗಲು ಸಣ್ಣೀರಮ್ಮನಿಗೆ ತುಸು ಹೊತ್ತು ಬೇಕಾಯಿತು.

ಪರಮೇಶಿ ತನಗೇ ತಿಳಿಯದೆ ಚಪ್ಪಲಿ ಕಳಚಿ ನಿಂತಿದ್ದ. "ಕೊನೇ ಪಂಕ್ತಿಗೆ ಅನ್ನ ಸಾಲದೆ ಹೋದ್ರೆ, ಅಕ್ಕಾ?"

"ಒಂದು ಮದುವೇಲೂ ಹಂಗಾಗಿಲ್ಲ," ಅವಳು ಗೋಡೆಯಿಂದ ಕಣ್ಣು ಕೀಳದೆ ಹೇಳಿದಳು. "ತಾನು ಉಣ್ಣೋತನಕ ಯಜಮಾನ ಹಂಡೆ ಬಿಟ್ಟು ಕದಲೋದಿಲ್ಲ, ಅದು ಬರಿದಾಗೋಕೂ ಬಿಡೋದಿಲ್ಲ."