ತರಗೆಲೆ ಜೇಡಾನ ಕೆಡವಿದ ಸರ್ವಮಂಗಳಾ

ನೀವು ನೋಡಿರೋ ಮಾಸ್ ಎಂಟ್ರಿಗಳನ್ನೆಲ್ಲ ಮಡಚಿ ಜೇಬಲ್ಲಿಟ್ಕೊಳ್ಳಿ ಸ್ವಾಮಿ. ಒಂದೇ ಡೈಲಾಗಲ್ಲಿ ಜೇಡಾನ ಕೆಡವಿದ ನಮ್ಮ ದಾವಣಗೆರೆ ಸರ್ವಮಂಗಳಾ ಕಥೆ ಕೇಳಿ!

ಪ್ರಾಣಿಗಳಿಗೆ ಮಾತು ಬಂದ ಮೇಲೆ ಹೊಸ ಪ್ರಭೇದ ಕಂಡುಹಿಡಿಯೋದು ಹೆಣ್ಣು ನೋಡೋ ಶಾಸ್ತ್ರಕ್ಕಿಂತ ಕಷ್ಟ ಆಗಿತ್ತು. ಅವು ಒಪ್ಪದೆ ಲೆನ್ಸ್ ಹಿಡಿಯೋ ಹಾಗಿಲ್ಲ. ಹಿಮಾಲಯದ ಓಕ್ ಕಾಡಲ್ಲಿ, ತರಗೆಲೆ ಮೇಲೆ ಬೋರಲು ಮಲಗಿದ್ದ ಸರ್ವಮಂಗಳಾಗೆ ಈ ಜೇಡ ಸಂಜೆಯೊಳಗೆ ಹೂಂ ಅನ್ನದಿದ್ರೆ ಪಿಎಚ್‌ಡಿ ಗೋವಿಂದ.

"ಫುಲ್ ಬಾಡಿ ತೋರಿಸಲ್ಲ ಮೇಡಂ. ಮದುವೆ ಆಗಬೇಕಾದ ಗಂಡು ನಾನು," ಅಂದ ಜೇಡ, ಎಂಟು ಕಾಲಲ್ಲೂ ಸ್ಟೈಲು ಹೊಡೀತಾ.

ಸರ್ವಮಂಗಳಾ ಕನ್ನಡಕ ಏರಿಸಿದ್ಲು. "ಲೋ, ಎಂಟು ಕಣ್ಣಿದ್ರೆ ಸಾಲದು ಕಣೋ, ಎದುರಿಗೆ ಮಲಗಿರೋದು ಯಾರು ಅಂತ ನೋಡೋಕೆ ಗುಂಡಿಗೆ ಬೇಕು!"

ಜೇಡ ಗಡಗಡ ನಡುಗಿ ಕಾಲಿಗೆ ಬಿದ್ದ.

ಸರಿ, ಬುರುಡೆ ಸಾಕು, ನಿಜ ಹೇಳ್ಬಿಡ್ತೀನಿ. ಜೇಡ ಆಕಳಿಸಿದ. ಸರ್ವಮಂಗಳಾ ಗೊಳೋ ಅಂತ ಅತ್ಲು. ಆ ಸದ್ದಿಗೆ ಎಲೆಯಡಿಯಿಂದ ಅವನಮ್ಮ ಬಂದು ಅವನ ಬೆನ್ನಿಗೊಂದು ಗುದ್ದಿದ್ಲು.

"ಇನ್ನೂ ಕೊನೇ ಪೊರೆ ಕಳಚಿಲ್ಲ, ಇವನಿಗೆ ಮದುವೆಯಂತೆ! ಬಲಿಯದ ಮರೀನ ನೋಡಿ ಹೊಸ ಪ್ರಭೇದ ಅಂದ್ರೆ ಯಾರು ಒಪ್ತಾರೆ ತಾಯಿ? ಅಳಬೇಡ, ಲೆನ್ಸ್ ಹಿಡಿದು ನನ್ನ ನೋಡು. ಹೆಸರೂ ನೀನೇ ಇಡು."

"ಇವರಪ್ಪನ ಹೆಸರು ಇಡ್ಲಾ ಅಮ್ಮ?" ಅಂದ್ಲು ಸರ್ವಮಂಗಳಾ, ಮೂಗು ಒರೆಸಿಕೊಂಡು.

"ಅದೊಂದು ಬೇಡ ಕಣವ್ವ. ಅವನ ಹೆಸರೆತ್ತಿದ್ರೆ ನಂಗೆ ಮತ್ತೆ ಹಸಿವಾಗುತ್ತೆ."