ಅಲ್ಪವಿರಾಮ

ಸೆವ್ರಿನ್ ಬಾಯಿ ತೀರಿಕೊಂಡು ಮೂರು ವರ್ಷವಾದರೂ ಒಂದು ಬುಧವಾರವನ್ನೂ ತಪ್ಪಿಸಿದವರಲ್ಲ. ಈ ಬುಧವಾರವೂ ಹತ್ತು ಗಂಟೆಗೆ ಸರಿಯಾಗಿ ಪ್ರಬಂಧದ ಕಟ್ಟು ಹಿಡಿದು ಬಂದು ತಮ್ಮ ಮಾರ್ಗದರ್ಶಕ ಫಾದರ್ ವಲೇರಿಯನ್ನರ ಮುಂದೆ ಕುಳಿತರು. ಮಂಗಳೂರಿನ ಆ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನಿಯಮ ಸ್ಪಷ್ಟವಾಗಿತ್ತು: ಸತ್ತ ಪಿಎಚ್‌.ಡಿ. ವಿದ್ಯಾರ್ಥಿ ಪ್ರಬಂಧ ಸಲ್ಲಿಸುವ ತನಕ ಇಲ್ಲಿರಬಹುದು, ಸಲ್ಲಿಸಿದ ಸಂಜೆಯೇ ಹೊರಡಬೇಕು. ಬಾಕಿ ಇದ್ದದ್ದು ಮಾರ್ಗದರ್ಶಕರ ಒಂದು ಸಹಿ.

ಫಾದರ್ ಕೆಂಪು ಪೆನ್ನು ಹಿಡಿದು ಕೊನೆಯ ಪುಟ ತೆರೆದರು. “ಇಲ್ಲಿ ಒಂದು ಅಲ್ಪವಿರಾಮ ಬೇಕಲ್ಲ, ಸೆವ್ರಿನ್ ಬಾಯಿ?”

“ಹೋದ ತಿಂಗಳು ಅದನ್ನು ತೆಗೆಸಿದ್ದು ನೀವೇ ಫಾದರ್. ಅದಕ್ಕೂ ಮುಂಚಿನ ತಿಂಗಳು ಹಾಕಿಸಿದ್ದೂ ನೀವೇ.”

“ಹೌದಾ?”

“ಅಲ್ಲಿ ನಮ್ಮ ಯಜಮಾನ್ರು ಕಾಯ್ತಾ ಇದ್ದಾರೆ. ಆದಿತ್ಯವಾರ ಸ್ವರ್ಗದ ಬಗ್ಗೆ ಪ್ರವಚನ ಕೊಡುವಾಗ ನಿಮಗೆ ಇಷ್ಟು ಸಂಶಯ ಇರುವುದಿಲ್ಲ.”

ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಫಾದರ್‌ಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವರು ಇವರೊಬ್ಬರೇ. ಫಾದರ್ ಡ್ರಾಯರಿನಿಂದ ಅವಧಿ ವಿಸ್ತರಣೆಯ ಅರ್ಜಿ ತೆಗೆದು, ‘ವಿಳಂಬಕ್ಕೆ ಕಾರಣ’ ಎಂಬಲ್ಲಿ ಎಂದಿನಂತೆ ‘ವಿದ್ಯಾರ್ಥಿಯ ತಿದ್ದುಪಡಿ ಬಾಕಿ’ ಎಂದು ಬರೆದರು. ಸೆವ್ರಿನ್ ಬಾಯಿ ಫಾದರ್ ಬರೆಯುವುದನ್ನೇ ನೋಡುತ್ತಿದ್ದರು. ಫಾದರ್ ಅದನ್ನು ಹೊಡೆದುಹಾಕಿ ಕೆಳಗೆ ಬರೆದರು: ‘ಮಾರ್ಗದರ್ಶಕರು ಇನ್ನೂ ತಯಾರಾಗಿಲ್ಲ.’